ವಿಶೇಷ ಕಾರ್ಯಕ್ರಮಕ್ಕೂ ಕನ್ನಡ ಬೇಡವೆ?

ವಿದ್ವತ್ ಸಮ್ಮೇಳನವೊಂದರ ಆಮಂತ್ರಣ ಪತ್ರಿಕೆಯಲ್ಲಿ ‘ವಿಶೇಷ ಕಾರ್ಯಕ್ರಮಗಳು’ ಎಂಬ ಶೀರ್ಷಿಕೆ ಸಾಮಾನ್ಯವಾಗಿ ಕೊನೆಯ ಪುಟದಲ್ಲಿರುತ್ತದೆ. ಪ್ರಬಂಧ ಮಂಡನೆಯೇ ಊಟ, ಉಳಿದುದೆಲ್ಲ ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿ ಎಂಬ ಭಾವನೆ ವಿದ್ವಾಂಸರಲ್ಲಿಯೂ ಇದೆ, ಸಂಘಟಕರಲ್ಲಿಯೂ ಇದೆ. ಈ ಲೇಖನ ಆ ಭಾವನೆಗೆ ವಿರುದ್ಧವಾದುದು. ವಸ್ತುವಿಜ್ಞಾನದ ಸಮ್ಮೇಳನಗಳನ್ನು ನಿದರ್ಶನವಾಗಿಟ್ಟುಕೊಂಡು ಎರಡು ಮಾತುಗಳನ್ನು ಇಲ್ಲಿ ಪ್ರತಿಪಾದಿಸಬೇಕೆಂದಿದ್ದೇನೆ. ತಜ್ಞರಲ್ಲದವರಿಗಾಗಿ ನಡೆಸುವ ಕಾರ್ಯಕ್ರಮವೇ ಸಮ್ಮೇಳನವು ಸಮಾಜದ ಋಣ ತೀರಿಸುವ ಭಾಗ ಎಂಬುದು ಮೊದಲನೆಯದು. ಆ ಭಾಗವನ್ನೂ ಜನರ ಭಾಷೆಯಲ್ಲಿ ನಡೆಸದಿದ್ದರೆ ಋಣ ತೀರಿತೆಂದು ಯಾರೂ ಹೇಳಿಕೊಳ್ಳಲಾಗದು ಎಂಬುದು ಎರಡನೆಯದು. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಈ ವಿಷಯವೇಕೆ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳ್ಮೆಯಿಂದ ಓದಬೇಕು. ಪ್ರಶ್ನೆ ಕೊನೆಗೆ ನಮ್ಮ ಕಡೆಗೇ ತಿರುಗುತ್ತದೆ.

ವಸ್ತುವಿಜ್ಞಾನವೆಂದರೆ ಲೋಹ, ಗಾಜು, ಪಿಂಗಾಣಿ, ಪ್ಲಾಸ್ಟಿಕ್, ಅರೆವಾಹಕ ಮೊದಲಾದವುಗಳ ಒಳರಚನೆಗೂ ಅವುಗಳ ಗುಣಕ್ಕೂ ಇರುವ ಸಂಬಂಧವನ್ನು ಶೋಧಿಸುವ ಶಾಸ್ತ್ರ. ಒಂದೇ ಇಂಗಾಲವು ಪೆನ್ಸಿಲಿನ ಕಡ್ಡಿಯಲ್ಲಿ ಕಾಗದದ ಮೇಲೆ ಸವೆಯುವಷ್ಟು ಮೆದುವಾಗಿಯೂ ವಜ್ರದಲ್ಲಿ ಗಾಜನ್ನು ಕೊಯ್ಯುವಷ್ಟು ಗಟ್ಟಿಯಾಗಿಯೂ ಇರುವುದಕ್ಕೆ ಪರಮಾಣುಗಳ ಜೋಡಣೆಯಲ್ಲಿರುವ ವ್ಯತ್ಯಾಸವೇ ಕಾರಣ. ಕೈಯಲ್ಲಿರುವ ಫೋನಿನಿಂದ ಹಿಡಿದು ಸವೆದ ಮೊಣಕಾಲಿಗೆ ಅಳವಡಿಸುವ ಕೃತಕ ಕೀಲಿನವರೆಗೆ ನಮ್ಮ ದಿನಚರಿಯನ್ನು ಹೊತ್ತು ನಿಂತಿರುವುದು ಈ ಶಾಸ್ತ್ರ. ಇಷ್ಟು ಹತ್ತಿರವಿರುವ ಶಾಸ್ತ್ರ ಜನಸಾಮಾನ್ಯರಿಗೆ ಇಷ್ಟು ದೂರವಾಗಿರುವುದು ಸಹಜವಲ್ಲ. ಯಾರೋ ದೂರವಿಟ್ಟಿದ್ದರಿಂದ ಆದದ್ದು.

ದೂರವಿಡಬಾರದೆಂದು ಸಂಕಲ್ಪಿಸಿದವರು ಏನು ಮಾಡುತ್ತಾರೆಂಬುದನ್ನು ಮೊದಲು ನೋಡೋಣ. ಅಮೆರಿಕದ ಮೆಟೀರಿಯಲ್ಸ್ ರಿಸರ್ಚ್ ಸೊಸೈಟಿ 1973ರಲ್ಲಿ ಸ್ಥಾಪನೆಯಾದ ಸಂಸ್ಥೆ. ಬಾಸ್ಟನ್ ನಗರದಲ್ಲಿ ನಡೆಯುವ ಅದರ ಶರತ್ಕಾಲದ ಸಮ್ಮೇಳನದಲ್ಲಿ ಹತ್ತಾರು ಗೋಷ್ಠಿಗಳು ಏಕಕಾಲಕ್ಕೆ ನಡೆಯುತ್ತವೆ. ಪ್ರತಿಯೊಂದರ ಪರಿಭಾಷೆಯೂ ಬೇರೆ. ಒಂದು ಕೊಠಡಿಯಲ್ಲಿ ಪಂಡಿತನಾದವನು ಪಕ್ಕದ ಕೊಠಡಿಯಲ್ಲಿ ಪಾಮರ. ಈ ಸ್ಥಿತಿಯನ್ನು ಅರಿತು ಆ ಸಂಸ್ಥೆ ‘ಸಿಂಪೋಸಿಯಂ ಎಕ್ಸ್’ ಎಂಬ ಉಪನ್ಯಾಸಮಾಲೆಯನ್ನು ನಡೆಸಿಕೊಂಡು ಬಂದಿದೆ. ಮಧ್ಯಾಹ್ನದ ಬಿಡುವಿನ ವೇಳೆಯಲ್ಲಿ, ಆಯಾ ಕ್ಷೇತ್ರದಲ್ಲಿ ಹೆಸರಾದವರು, ಆ ಕ್ಷೇತ್ರಕ್ಕೆ ಸೇರದವರಿಗೆ ತಿಳಿಯುವಂತೆ ಮಾತನಾಡಬೇಕು; ಅದೇ ಅಲ್ಲಿಯ ನಿಯಮ.

‘ಸೈನ್ಸ್ ಆ್ಯಸ್ ಆರ್ಟ್’ ಎಂಬ ಸ್ಪರ್ಧೆಯೂ ಅಲ್ಲಿ ನಡೆಯುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಹರಳು, ಎಳೆ, ಬಿರುಕುಗಳ ಚಿತ್ರಗಳನ್ನು ಸಂಶೋಧಕರು ಕಲಾಕೃತಿಗಳಾಗಿ ಪ್ರದರ್ಶಿಸುತ್ತಾರೆ. ಸಮ್ಮೇಳನಕ್ಕೆ ಬಂದವರು ಮೆಚ್ಚಿದ ಚಿತ್ರಕ್ಕೆ ಮತ ಹಾಕುತ್ತಾರೆ. ಸಂಜೆಯ ಹೊತ್ತು ಭಿತ್ತಿಪತ್ರಗಳ ಪ್ರದರ್ಶನ. ನಿನ್ನೆ ಮೊನ್ನೆ ಸಂಶೋಧನೆಗೆ ಇಳಿದ ವಿದ್ಯಾರ್ಥಿ ತನ್ನ ಹಲಗೆಯ ಮುಂದೆ ನಿಂತಿದ್ದರೆ ಹಿರಿಯ ಪ್ರಾಧ್ಯಾಪಕರೇ ಅವನ ಬಳಿಗೆ ನಡೆದು ಬಂದು ಕೇಳಬೇಕಾಗುತ್ತದೆ. ಸಂಶೋಧನಾ ವಿದ್ಯಾರ್ಥಿಗಳಿಗೆಂದೇ ಮೀಸಲಾದ ಪ್ರಶಸ್ತಿಗಳಿವೆ. ಅಂತಿಮ ಸುತ್ತಿಗೆ ಬಂದವರು ತೀರ್ಪುಗಾರರ ಎದುರು ತಮ್ಮ ಕೆಲಸವನ್ನು ವಿವರಿಸಿ ಅವನ್ನು ಗೆಲ್ಲಬೇಕು. ಸಮ್ಮೇಳನದ ಗೋಡೆಗಳ ಆಚೆಗೂ ಈ ಪ್ರಯತ್ನ ಹಬ್ಬಿದೆ. ಕೆನಡಾದ ಒಂಟೇರಿಯೊ ವಿಜ್ಞಾನ ಕೇಂದ್ರದೊಡನೆ ಸೇರಿ ರೂಪಿಸಿದ ‘ಸ್ಟ್ರೇಂಜ್ ಮ್ಯಾಟರ್’ ಎಂಬ ಪ್ರದರ್ಶನ ಊರೂರಿನ ವಸ್ತುಸಂಗ್ರಹಾಲಯಗಳಿಗೆ ಸಂಚರಿಸಿತು. 2011ರಲ್ಲಿ ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ ‘ಮೇಕಿಂಗ್ ಸ್ಟಫ್’ ಎಂಬ ನಾಲ್ಕು ಕಂತುಗಳ ಸರಣಿ ಬಂದಾಗ ಈ ಸಂಸ್ಥೆ ಅದಕ್ಕೆ ಕೈಜೋಡಿಸಿತ್ತು.

ಇದನ್ನೆಲ್ಲ ಅಲಂಕಾರವೆಂದು ತಳ್ಳಿಹಾಕುವವರು ಒಂದು ಚರಿತ್ರೆಯನ್ನು ನೆನೆಯಬೇಕು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹೋದ ಉಕ್ಕಿನ ಗಟ್ಟಿಗಳು ಅಲ್ಲಿಯ ವಿದ್ವಾಂಸರನ್ನು ಬೆರಗುಗೊಳಿಸಿದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಆ ಉಕ್ಕಿನ ಮೇಲೆ ನಡೆಸಿದ ಪ್ರಯೋಗಗಳನ್ನು ರಾಯಲ್ ಸೊಸೈಟಿಯಲ್ಲಿ ಮಂಡಿಸಿದರು. ಅವರು ಅದನ್ನು ಕರೆದ ಹೆಸರು ‘ವೂಟ್ಸ್’. ಅದು ನಮ್ಮ ‘ಉಕ್ಕು’ ಎಂಬ ಪದವೇ ವಿದೇಶೀ ನಾಲಗೆಯಲ್ಲಿ ತಿರುಚಿಕೊಂಡ ರೂಪವೆಂದು ಬಹುಮಟ್ಟಿಗೆ ಒಪ್ಪಲಾಗಿದೆ. ಮುಂದೆ ಆ ಉಕ್ಕಿನ ರಹಸ್ಯವನ್ನು ಬೆನ್ನಟ್ಟಿದವರಲ್ಲಿ ಮೈಕೆಲ್ ಫ್ಯಾರಡೆ ಒಬ್ಬರು. ಕಮ್ಮಾರನ ಮಗನಾದ ಅವರು ಜೇಮ್ಸ್ ಸ್ಟೊಡಾರ್ಟ್ ಎಂಬ ಚೂರಿ ತಯಾರಕರೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿ 1820ರ ಸುಮಾರಿಗೆ ಪ್ರಕಟಿಸಿದರು.

ಅದೇ ಫ್ಯಾರಡೆ ಇನ್ನೊಂದು ಕೆಲಸವನ್ನೂ ಮಾಡಿದರು. 1825ರಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ ಮಕ್ಕಳಿಗಾಗಿ ಕ್ರಿಸ್ಮಸ್ ಉಪನ್ಯಾಸಗಳನ್ನು ಆರಂಭಿಸಿತು; ಫ್ಯಾರಡೆ ತಮ್ಮ ಜೀವಿತದಲ್ಲಿ ಅಂಥ ಹತ್ತೊಂಬತ್ತು ಮಾಲೆಗಳನ್ನು ನೀಡಿದರು. ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ರಸಾಯನಶಾಸ್ತ್ರವನ್ನೆಲ್ಲ ಹೇಳಿದ ಅವರ ಉಪನ್ಯಾಸಮಾಲೆ ಇಂದಿಗೂ ಪುಸ್ತಕರೂಪದಲ್ಲಿ ಓದಿಸಿಕೊಳ್ಳುತ್ತಿದೆ. ಉಕ್ಕನ್ನು ಶೋಧಿಸಿದ ಕೈಗೆ ಮಕ್ಕಳೆದುರು ಬತ್ತಿ ಹಚ್ಚುವುದು ಕೀಳು ಕೆಲಸವೆನಿಸಲಿಲ್ಲ. ತನ್ನ ವಿಷಯವನ್ನು ಅರಿಯದವನಿಗೆ ಅರಿಯುವಂತೆ ಹೇಳಬಲ್ಲವನೇ ಅದನ್ನು ಪೂರ್ಣವಾಗಿ ಬಲ್ಲವನು; ಹಾಗೆ ಹೇಳಲಾರದವನ ಪಾಂಡಿತ್ಯದಲ್ಲಿ ಎಲ್ಲೋ ಹುಳುಕಿದೆ. ಆದುದರಿಂದ ವಿಶೇಷ ಕಾರ್ಯಕ್ರಮ ಪಾಂಡಿತ್ಯಕ್ಕೆ ಒರೆಗಲ್ಲು.

ಈಗ ನಮ್ಮ ಕಡೆಗೆ ಬರೋಣ. ಭಾರತದ ವಸ್ತುವಿಜ್ಞಾನಕ್ಕೆ ರಾಜಧಾನಿಯೊಂದನ್ನು ಹೆಸರಿಸಬೇಕಾದರೆ ಅದು ಬೆಂಗಳೂರೇ. 1989ರಲ್ಲಿ ಮೆಟೀರಿಯಲ್ಸ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿದಾಗ ಅದರ ಸ್ಥಾಪಕ ಅಧ್ಯಕ್ಷರಾದವರು ಸಿ. ಎನ್. ಆರ್. ರಾವ್. 2017ರಲ್ಲಿ ಅಮೆರಿಕದ ಸಂಸ್ಥೆಯ ಅತ್ಯುನ್ನತ ಗೌರವವಾದ ವಾನ್ ಹಿಪ್ಪೆಲ್ ಪ್ರಶಸ್ತಿ ಅವರಿಗೆ ಸಂದಿತು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಅವರು ಓದಿದ್ದು ಕನ್ನಡ ಮಾಧ್ಯಮದಲ್ಲಿ ಎಂಬುದನ್ನು ನಮ್ಮ ಪೋಷಕರು ಗಮನಿಸಬೇಕು. ಇಂಥ ಪರಂಪರೆಯುಳ್ಳ ನಾಡಿನಲ್ಲಿ ವಸ್ತುವಿಜ್ಞಾನದ ಸಮ್ಮೇಳನ ನಡೆದಾಗ ‘ವಿಶೇಷ ಕಾರ್ಯಕ್ರಮ’ ಎಂಬ ಹೆಸರಿನಲ್ಲಿ ಬಹುಮಟ್ಟಿಗೆ ನಡೆಯುವುದೇನು? ದೀಪ ಬೆಳಗಿಸುವುದು, ಶಾಲು ಹೊದಿಸುವುದು, ಸ್ಮರಣಿಕೆ ನೀಡುವುದು, ರಾತ್ರಿ ಅತಿಥಿಗಳಿಗೆ ನೃತ್ಯ ಪ್ರದರ್ಶನ ಮತ್ತು ಔತಣ. ನಾಡಿನ ಸಂಸ್ಕೃತಿಗೆ ಅಲ್ಲಿ ಸಿಗುವ ಸ್ಥಾನ ವೇದಿಕೆಯ ಮೇಲೆ ಕುಣಿಯುವುದಕ್ಕಷ್ಟೇ. ನಾಡಿನ ಭಾಷೆಗೆ ಯೋಚಿಸುವ ಅವಕಾಶವಿಲ್ಲ.

ಅಪವಾದಗಳಿವೆ, ಅವನ್ನು ಮರೆಮಾಚುವುದು ನ್ಯಾಯವಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಪ್ರಯೋಗಾಲಯಗಳ ಬಾಗಿಲನ್ನು ಸಾರ್ವಜನಿಕರಿಗೆ ತೆರೆದಿಡುತ್ತದೆ. ಮಕ್ಕಳನ್ನು ಕರೆತರುವ ಕುಟುಂಬಗಳಿಂದ ಆವರಣ ತುಂಬಿಹೋಗುತ್ತದೆ. ಕಲ್ಪಾಕ್ಕಂನ ಲೋಹಶಾಸ್ತ್ರಜ್ಞರು ಬ್ರಹ್ಮಪ್ರಕಾಶರ ಸ್ಮರಣೆಯಲ್ಲಿ ಶಾಲಾ ವಿದ್ಯಾರ್ಥಿಗಳಿಗೆ ವಸ್ತುವಿಜ್ಞಾನದ ರಸಪ್ರಶ್ನೆ ನಡೆಸುತ್ತ ಬಂದಿದ್ದಾರೆ. ನವೆಂಬರ್ 14 ಮಕ್ಕಳ ದಿನಾಚರಣೆಯೆಂದು ಎಲ್ಲರಿಗೂ ಗೊತ್ತು. ಅದೇ ದಿನ ನಮ್ಮ ದೇಶದಲ್ಲಿ ರಾಷ್ಟ್ರೀಯ ಲೋಹಶಾಸ್ತ್ರಜ್ಞರ ದಿನವೂ ಹೌದೆಂಬುದು ಎಷ್ಟು ಶಾಲೆಗಳಿಗೆ ಗೊತ್ತಿದೆ? ಒಂದೇ ದಿನವನ್ನು ಹಂಚಿಕೊಂಡ ಈ ಎರಡು ಆಚರಣೆಗಳು ಒಂದನ್ನೊಂದು ಭೇಟಿಯಾಗದಿದ್ದರೆ ತಪ್ಪು ಪಂಚಾಂಗದ್ದಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ವಿಜ್ಞಾನ ಅಂತಾರಾಷ್ಟ್ರೀಯವಾದುದು, ಅದರ ಭಾಷೆ ಇಂಗ್ಲಿಷ್, ಜಪಾನಿನಿಂದ ಜರ್ಮನಿಯಿಂದ ಬಂದವರೆದುರು ಕನ್ನಡದಲ್ಲಿ ಮಾತನಾಡಲಾದೀತೆ ಎಂದು ಕೇಳುತ್ತಾರೆ. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪುತ್ತೇನೆ. ತಜ್ಞರ ಗೋಷ್ಠಿಯಲ್ಲಿ ಪ್ರಬಂಧವನ್ನು ಕನ್ನಡದಲ್ಲಿ ಓದಬೇಕೆಂದು ವಿವೇಕಿಗಳಾರೂ ಹಟ ಹಿಡಿಯುವುದಿಲ್ಲ. ಆದರೆ ತಜ್ಞರ ಗೋಷ್ಠಿಗೆ ಇರುವ ಆ ಅನಿವಾರ್ಯತೆ ವಿಶೇಷ ಕಾರ್ಯಕ್ರಮಕ್ಕೆ ಇಲ್ಲ. ಹೊರಗಿನವರೊಡನೆ ಮಾತನಾಡುವುದೇ ಅದರ ಧರ್ಮ, ಅದಕ್ಕಾಗಿಯೇ ಅದು ಹುಟ್ಟಿದ್ದು. ಬೆಂಗಳೂರಿನ ಸಮ್ಮೇಳನದ ಸಾರ್ವಜನಿಕ ಉಪನ್ಯಾಸಕ್ಕೆ ಬರುವವರು ಜಪಾನಿನ ಪ್ರಾಧ್ಯಾಪಕರಲ್ಲ. ತುಮಕೂರಿನ ಶಿಕ್ಷಕಿ, ಪೀಣ್ಯದ ಕಾರ್ಖಾನೆಯ ನೌಕರ, ಹತ್ತನೆಯ ತರಗತಿಯ ಹುಡುಗ. ಅವರನ್ನು ಕರೆದು ಕೂರಿಸಿ, ಅವರಿಗೆ ಅರ್ಧ ತಿಳಿದು ಅರ್ಧ ತಿಳಿಯದ ಭಾಷೆಯಲ್ಲಿ ಮಾತನಾಡುವುದು ಮನೆಗೆ ಕರೆದು ಬಾಗಿಲು ಹಾಕಿದಂತೆ.

ಎರಡನೆಯ ಆಕ್ಷೇಪ ಇನ್ನೂ ಹಳೆಯದು: ಕನ್ನಡದಲ್ಲಿ ಪದಗಳಿಲ್ಲ. ಕುಣಿಯಲಾರದವರು ನೆಲ ಡೊಂಕೆಂದ ಮಾತಿದು. ಕಾಯಿಸಿ ತಣಿಸುವ ವೇಗ ಬದಲಾದರೆ ಉಕ್ಕಿನ ಗುಣ ಬದಲಾಗುತ್ತದೆಂಬ ಅರಿವನ್ನು ನಮ್ಮ ಕಮ್ಮಾರ ‘ಹದ’ ಎಂಬ ಎರಡಕ್ಷರದಲ್ಲಿ ಹಿಡಿದಿಟ್ಟ. ಎರಕ, ಪುಟ, ಬೆಸುಗೆ, ಮೂಸೆ, ಹರಳು, ಒರೆ ಇವೆಲ್ಲ ಪರಿಭಾಷಾ ಸಮಿತಿ ಕುಳಿತು ಸೃಷ್ಟಿಸಿದ ಪದಗಳಲ್ಲ. ಮೈಸೂರು ಸೀಮೆಯಲ್ಲಿ ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಗಂಟೆಗಟ್ಟಲೆ ಕಾಯಿಸಿ ಉಕ್ಕು ತೆಗೆಯುತ್ತಿದ್ದರು. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಸೇರುತ್ತಿತ್ತು. ಅಂಥ ಉಕ್ಕಿನಿಂದ ಮಾಡಿದ ಡಮಾಸ್ಕಸ್ ಖಡ್ಗಗಳ ಪೈಕಿ ಹದಿನೇಳನೆಯ ಶತಮಾನದ ಒಂದರಲ್ಲಿ ಇಂಗಾಲದ ನ್ಯಾನೊ ಕೊಳವೆಗಳು ಕಂಡುಬಂದುವೆಂದು 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಸಂಶೋಧಕರು ವರದಿ ಮಾಡಿದರು. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಉಕ್ಕಿನ ಮೇಲೆ ಒಂದು ಗ್ರಂಥವನ್ನೇ ಬರೆದಿದ್ದಾರೆ. ಜಗತ್ತಿನ ವಸ್ತುವಿಜ್ಞಾನಕ್ಕೆ ಪದವನ್ನು ಸಾಲ ಕೊಟ್ಟ ಭಾಷೆಗೆ ಪದದಾರಿದ್ರ್ಯದ ಆರೋಪ ಹೊರಿಸುವುದು ಸೋಜಿಗದ ಸಂಗತಿ. ಬೇಕಾದಲ್ಲಿ ನಾವೂ ಸಾಲ ತರೋಣ: ನ್ಯಾನೊ, ಪಾಲಿಮರ್, ಲೇಸರ್ ಕನ್ನಡದ ಬಾಯಿಗೆ ಆಗಲೇ ಒಗ್ಗಿವೆ.

ಬರೆದು ತೋರಿಸಿದವರೂ ಕಡಮೆಯಿಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರು ತಮ್ಮ ಗೆಳೆಯರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ವನ್ನು ನಾಲ್ಕು ಸಂಪುಟಗಳಲ್ಲಿ ಬರೆದರು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನು ಹೇಳುವ ಕೃತಿ. 1978ರಲ್ಲಿ ಅದಕ್ಕೆ ದೊರೆತದ್ದು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ. ವಿಜ್ಞಾನ ಬೇರೆ, ಸಾಹಿತ್ಯ ಬೇರೆ ಎಂಬ ಗೋಡೆಯನ್ನು ಕನ್ನಡದ ಹಿರಿಯರು ಕಟ್ಟಲಿಲ್ಲ.

ಹಾಗಾದರೆ ಕಟ್ಟಿದವರು ಯಾರು? ಇಲ್ಲಿ ಪ್ರಶ್ನೆ ನಮ್ಮ ಕಡೆಗೆ ತಿರುಗುತ್ತದೆ. ಗಡಿನಾಡಿನ ಕನ್ನಡ ಸಂಘಗಳ ಸಮ್ಮೇಳನಗಳನ್ನೇ ನೋಡಿ. ಮೆರವಣಿಗೆ, ಉದ್ಘಾಟನೆ, ಕವಿಗೋಷ್ಠಿ, ಗಮಕ, ಯಕ್ಷಗಾನ, ಸಾಧಕರ ಸನ್ಮಾನ, ಗಡಿ ಸಮಸ್ಯೆಯ ಕುರಿತು ನಿರ್ಣಯ. ಇವಾವುವೂ ಬೇಡವಾದವುಗಳಲ್ಲ. ಆದರೆ ವಿಜ್ಞಾನಕ್ಕೆ ಒಂದು ಗಂಟೆಯನ್ನು ತೆಗೆದಿಡುವ ಸಮ್ಮೇಳನ ತೀರ ವಿರಳ. ವಿಜ್ಞಾನಿಗಳ ಸಮ್ಮೇಳನದಲ್ಲಿ ಕನ್ನಡಕ್ಕೆ ನೃತ್ಯದ ವೇದಿಕೆ ಮಾತ್ರ ಎಂದು ದೂರುವ ನಾವು ಕನ್ನಡದ ಸಮ್ಮೇಳನದಲ್ಲಿ ವಿಜ್ಞಾನಕ್ಕೆ ಆ ವೇದಿಕೆಯನ್ನೂ ಕೊಟ್ಟಿಲ್ಲ. ಅವರು ಭಾಷೆಯನ್ನು ಆಭರಣವೆಂದು ತಿಳಿದರೆ ನಾವೂ ಹಾಗೆಯೇ ತಿಳಿದಿದ್ದೇವೆ; ಪೆಟ್ಟಿಗೆ ಮಾತ್ರ ಬೇರೆ.

ಇದರ ಫಲ ಏನೆಂಬುದನ್ನು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಕನ್ನಡದ ಅಳಿವು ಉಳಿವು ಶಾಲೆಯ ಹಾಜರಿ ಪುಸ್ತಕದಲ್ಲಿ ನಿರ್ಧಾರವಾಗುತ್ತಿದೆ. ಸೊಲ್ಲಾಪುರ ಅಕ್ಕಲಕೋಟೆಗಳಲ್ಲಿ, ತಾಳವಾಡಿ ಹೊಸೂರುಗಳಲ್ಲಿ, ಆದವಾನಿ ಮಡಕಶಿರಾಗಳಲ್ಲಿಯೂ ಮಾತು ಬೇರೆಯಲ್ಲ. ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವ ತಾಯಿತಂದೆಯರು ಕನ್ನಡದ ದ್ವೇಷಿಗಳಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ನಮ್ಮ ಸಮ್ಮೇಳನಗಳಿಗೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಅವರ ವಾದ ಒಂದೇ: ಮಗು ಮುಂದೆ ವಿಜ್ಞಾನ ಓದಬೇಕು, ಕನ್ನಡದಲ್ಲಿ ವಿಜ್ಞಾನವಿಲ್ಲ. ಈ ನಂಬಿಕೆ ಅವರಿಗೆ ಎಲ್ಲಿಂದ ಬಂತು? ಕನ್ನಡದಲ್ಲಿ ಕವಿತೆ ಕೇಳಿದ್ದಾರೆ, ಹರಿಕಥೆ ಕೇಳಿದ್ದಾರೆ, ರಾಜಕೀಯ ಭಾಷಣ ಕೇಳಿದ್ದಾರೆ. ಒಬ್ಬ ವಿಜ್ಞಾನಿ ಕನ್ನಡದಲ್ಲಿ ತನ್ನ ಪ್ರಯೋಗವನ್ನು ವಿವರಿಸಿದ್ದನ್ನು ಕೇಳಿಯೇ ಇಲ್ಲ. ಕೇಳದ್ದನ್ನು ಇಲ್ಲವೆಂದು ನಂಬುವುದು ಅವರ ತಪ್ಪಲ್ಲ. ನಿರ್ಣಯಗಳ ಮೇಲೆ ನಿರ್ಣಯ ಅಂಗೀಕರಿಸಿದರೂ ಈ ನಂಬಿಕೆ ಅಲುಗುವುದಿಲ್ಲ. ಅದನ್ನು ಅಲುಗಿಸಬಲ್ಲುದು ಒಂದು ಒಳ್ಳೆಯ ಉಪನ್ಯಾಸ.

ವಿಜ್ಞಾನ ನಮ್ಮ ಸಂಘದ ಕೆಲಸವಲ್ಲ, ಸರಕಾರದ ಕೆಲಸ, ವಿಶ್ವವಿದ್ಯಾಲಯದ ಕೆಲಸ ಎನ್ನುವವರಿಗೆ ನಮ್ಮ ಕಾಲ ಕೆಳಗಿನ ಕಲ್ಲನ್ನೇ ತೋರಿಸುತ್ತೇನೆ. ಕಾಸರಗೋಡಿನ ಮನೆಗಳ ಗೋಡೆಯಿಂದ ಬೇಕಲ ಕೋಟೆಯವರೆಗೆ ಎಲ್ಲವೂ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರದು. ಆತ ಅದನ್ನು ವರ್ಣಿಸಿದ ಜಾಗ ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂ. ನೆಲದೊಳಗಿದ್ದಾಗ ಕಬ್ಬಿಣದ ಹತ್ಯಾರಿಗೆ ಸುಲಭವಾಗಿ ಕತ್ತರಿಸಿಕೊಳ್ಳುವ ಈ ಕಲ್ಲು ಹೊರಗೆ ತೆಗೆದ ಮೇಲೆ ಗಾಳಿಬಿಸಿಲಿಗೆ ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆಂಬುದನ್ನು ಆತ ದಾಖಲಿಸಿದ. ಕಲ್ಲಿನೊಳಗಿನ ಕಬ್ಬಿಣದ ಆಕ್ಸೈಡುಗಳು ನೀರು ಕಳೆದುಕೊಂಡು ಹರಳುಗಟ್ಟಿ ಕಣಗಳನ್ನು ಬೆಸೆಯುವುದು ಇದಕ್ಕೆ ಕಾರಣ. ಇದು ಶುದ್ಧ ವಸ್ತುವಿಜ್ಞಾನ. ನಮ್ಮ ಊರಿನ ಕಲ್ಲು ಕಡಿಯುವವರು ಇದನ್ನು ಬುಕಾನನ್ನನಿಗೂ ಮೊದಲೇ ಬಲ್ಲರು. ಆ ಕಲ್ಲಿನ ಮನೆಯಲ್ಲೇ ಹುಟ್ಟಿ ಬೆಳೆದ ಮಗು ಮಾತ್ರ ಲ್ಯಾಟರೈಟನ್ನು ಇಂಗ್ಲಿಷ್ ಪಠ್ಯಪುಸ್ತಕದ ಪರಕೀಯ ಪದವೆಂದು ಬಾಯಿಪಾಠ ಮಾಡುತ್ತಿದೆ. ಅದು ಆ ಪುಸ್ತಕದಿಂದ ಕಣ್ಣೆತ್ತಿ ಗೋಡೆಯನ್ನು ನೋಡುವಂತೆ ಮಾಡುವವರಿಲ್ಲ.

ಆದುದರಿಂದ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ವಸ್ತುವಿಜ್ಞಾನದ ಸಮ್ಮೇಳನ ನಡೆಸುವವರು ಗೋಷ್ಠಿಗಳನ್ನು ಇಂಗ್ಲಿಷಿನಲ್ಲಿ ನಡೆಸಿಕೊಳ್ಳಲಿ; ಒಂದು ಸಂಜೆಯ ಸಾರ್ವಜನಿಕ ಉಪನ್ಯಾಸವನ್ನು, ಒಂದು ಕೊಠಡಿಯ ಭಿತ್ತಿಪತ್ರ ಪ್ರದರ್ಶನವನ್ನು ಕನ್ನಡದಲ್ಲಿ ಏರ್ಪಡಿಸಲಿ. ಸಂಶೋಧನಾ ವಿದ್ಯಾರ್ಥಿಗಳಲ್ಲಿ ಕನ್ನಡಿಗರು ಇದ್ದೇ ಇರುತ್ತಾರೆ. ತಮ್ಮ ಕೆಲಸವನ್ನು ಅಜ್ಜಿಗೆ ಹೇಳುವಂತೆ ಹತ್ತು ನಿಮಿಷ ಹೇಳುವ ಸ್ಪರ್ಧೆಯೊಂದನ್ನು ಅವರಿಗಾಗಿ ಇಡಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಅನುದಾನ ಬೇಡ.

ನಮ್ಮ ಸಂಘಗಳು ಮಾಡಬೇಕಾದುದೂ ಅಷ್ಟೇ ಸುಲಭ. ಗಡಿನಾಡಿನಲ್ಲಿ ಹುಟ್ಟಿ ಪ್ರಯೋಗಾಲಯಗಳಲ್ಲಿ ದುಡಿಯುತ್ತಿರುವವರನ್ನು ಹುಡುಕಿ ಕರೆಯಬೇಕು. ಕರೆದು ಶಾಲು ಹೊದಿಸಿ ಕಳುಹಿಸದೆ ಮಾತನಾಡಿಸಬೇಕು, ಮಕ್ಕಳಿಗೆ ಪ್ರಶ್ನೆ ಕೇಳುವ ಹಕ್ಕನ್ನು ಕೊಡಬೇಕು. ಬಾಸ್ಟನ್ನಿನ ಚಿತ್ರಸ್ಪರ್ಧೆಯ ಮಾದರಿಯಲ್ಲಿ ಮುರಕಲ್ಲಿನ ರಂಧ್ರ, ಸೊಲ್ಲಾಪುರದ ಚಾದರದ ನೇಯ್ಗೆ, ತುಕ್ಕು ಹಿಡಿದ ನೇಗಿಲು, ಹೊಸೂರಿನ ಕಾರ್ಖಾನೆಯಲ್ಲಿ ಲೋಹ ಕಡೆದಾಗ ಬೀಳುವ ಸುರುಳಿ ಇವುಗಳ ಛಾಯಾಚಿತ್ರ ಸ್ಪರ್ಧೆಯನ್ನು ಶಾಲಾಮಕ್ಕಳಿಗೆ ಇಡಬಹುದು. ಪ್ರತಿ ಚಿತ್ರದ ಕೆಳಗೆ ಕಾರಣವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕೆಂಬ ನಿಯಮವಿರಲಿ. ಕಮ್ಮಾರನನ್ನೂ ಲೋಹಶಾಸ್ತ್ರಜ್ಞನನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ ‘ಹದ’ ಎಂದರೇನೆಂದು ಇಬ್ಬರನ್ನೂ ಕೇಳೋಣ. ಅದಕ್ಕಿಂತ ಸೊಗಸಾದ ಸಾಹಿತ್ಯಗೋಷ್ಠಿ ಬೇರೊಂದಿರದು.

ಭಾಷೆ ಉಳಿಯುವುದು ಅದನ್ನು ಹೊಗಳುವುದರಿಂದಲ್ಲ, ಅದರಲ್ಲಿ ಹೊಸ ಕೆಲಸ ಮಾಡುವುದರಿಂದ. ಮುಂದಿನ ಸಮ್ಮೇಳನದ ಕಾರ್ಯಕ್ರಮ ಪಟ್ಟಿ ಸಿದ್ಧವಾಗುವಾಗ ವಿಜ್ಞಾನಕ್ಕೆ ಒಂದು ಗಂಟೆ ಬೇಕೆಂದು ಸದಸ್ಯರು ಈ ಸಭೆಯಲ್ಲಿಯೇ ಬರೆದು ಕೊಡಲಿ. ಸಮಯವಿಲ್ಲವೆಂಬ ಉತ್ತರ ಬಂದೀತು. ಆ ಗಂಟೆಯನ್ನು ಯಾವ ಸನ್ಮಾನದಿಂದ ಕಡಿತಗೊಳಿಸಬೇಕೆಂಬುದನ್ನು ಸ್ವಾಗತ ಸಮಿತಿ ಈಗಲೇ ನಿರ್ಧರಿಸಿಕೊಳ್ಳಲಿ.